ಬೋರ್ಡೋ ಡ್ರಮ್ಮಿನೊಳಗಿನ ಬೇಗ–ನಿಧಾನ

ಮೇ ತಿಂಗಳ ಕೊನೆಗೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಕಡೆಯ ಅಡಿಕೆ ತೋಟಗಳಲ್ಲಿ ಎಲ್ಲರದೂ ಒಂದೇ ಮಾತು: ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಒಂದು ಸುತ್ತು ಬೋರ್ಡೋ ಮದ್ದು ಬಿಟ್ಟು ಮುಗಿಯಬೇಕು. ಮರ ಹತ್ತುವವರೋ ಫೈಬರ್ ದೋಟಿಯವರೋ ಬೆಳಗ್ಗೆಯೇ ಬಂದು ನಿಂತಿರುತ್ತಾರೆ. ಮೈಲುತುತ್ತು (ತಾಮ್ರದ ಸಲ್ಫೇಟ್) ಇನ್ನೂ ಕರಗಿಲ್ಲ, ಸುಣ್ಣ ಸರಿಯಾಗಿ ಅರಳಿಲ್ಲ. ಆಗ ಸುರುವಾಗುತ್ತವೆ ಅವಸರದ ಉಪಾಯಗಳು. ತುತ್ತಿಗೆ ಕುದಿಯುವ ನೀರು ಹೊಯ್ಯುವುದು, ಹೊಗೆಯಾಡುವ ಸುಣ್ಣದ ಗಟ್ಟಿಗೇ ತುತ್ತು ಸುರಿಯುವುದು, ಎರಡನ್ನೂ ದಪ್ಪಗೆ ಕಲಸಿ ಆಮೇಲೆ ನೀರು ಸೇರಿಸುವುದು. ಈ ಮೂರರಲ್ಲಿ ಮೊದಲನೆಯದು ಸರಿ. ಉಳಿದೆರಡು ಮದ್ದನ್ನೇ ಕೆಡಿಸುತ್ತವೆ.

ಯಾಕೆ ಎಂಬುದಕ್ಕೆ ಬೇಕಾದ ರಸಾಯನಶಾಸ್ತ್ರ ಹೈಸ್ಕೂಲಿನದ್ದೇ. ಸಾಂದ್ರತೆ ಹೆಚ್ಚಿದರೆ, ಬಿಸಿ ಹೆಚ್ಚಿದರೆ, ಪುಡಿ ಮಾಡಿದರೆ, ವೇಗವರ್ಧಕ ಹಾಕಿದರೆ ಕ್ರಿಯೆ ಬೇಗ ನಡೆಯುತ್ತದೆ ಎಂದು ಪರೀಕ್ಷೆಗೆ ಬರೆದವರೇ ಎಲ್ಲರೂ. ಆದರೆ ಒಂದು ಡ್ರಮ್ಮಿನಲ್ಲಿ ಒಂದೇ ಕ್ರಿಯೆ ನಡೆಯುವುದಿಲ್ಲ. ಬೋರ್ಡೋ ಮಾಡುವಾಗ ಎರಡು ಬದಲಾವಣೆಗಳು ಬೇಗ ಆಗಬೇಕು, ಒಂದು ನಾವು ತಡೆಯಲಾಗದಷ್ಟು ಬೇಗ ಆಗಿಬಿಡುತ್ತದೆ, ಉಳಿದವು ಎಷ್ಟು ನಿಧಾನವೋ ಅಷ್ಟು ಒಳ್ಳೆಯದು. ಯಾವುದನ್ನು ಬೇಗ ಮಾಡುತ್ತಿದ್ದೇವೆ ಎಂದು ನೋಡದೆ ಬಿಸಿ ಮಾಡಿದರೆ ಬೇಡದ್ದೂ ಬೇಗ ಆಗುತ್ತದೆ.

ಪ್ರಮಾಣ ಎಲ್ಲರಿಗೂ ಗೊತ್ತಿರುವುದೇ: ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಟ್ಟ ಸುಣ್ಣ, 100 ಲೀಟರ್ ನೀರು. ತುತ್ತಿಗೆ 50 ಲೀಟರ್, ಸುಣ್ಣಕ್ಕೆ 50 ಲೀಟರ್. ಮಳೆಗೆ ಮೊದಲು ಒಂದು ಸಲ, 40ರಿಂದ 45 ದಿನ ಬಿಟ್ಟು ಇನ್ನೊಂದು ಸಲ, ಮಳೆ ಎಳೆದರೆ ಮೂರನೆಯ ಸಲ. ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಯ ರೋಗಕ್ಕೆಂದು ಪ್ರಕಟಿಸಿದ ಮದ್ದು ಇದು. ಅಡಿಕೆಯ ಕೊಳೆರೋಗಕ್ಕೆ ಇದನ್ನು ತಂದವರು ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ. ನಮ್ಮ ಕಡೆ ಮಹಾಳಿ ಅನ್ನುವುದೂ ಇದೇ ರೋಗವನ್ನು.

ಮೊದಲು ತುತ್ತು. ಕರಗುವುದು ಕಟ್ಟುನಿಟ್ಟಾಗಿ ರಾಸಾಯನಿಕ ಕ್ರಿಯೆಯಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಒಪ್ಪಿಬಿಡಿ. ಆದರೂ ಬೆಳಗಿನ ಹೊತ್ತು ಅತಿ ಹೆಚ್ಚು ತಿನ್ನುವುದು ಇದೇ. ಒಂದು ಲೀಟರ್ ತಣ್ಣೀರಿನಲ್ಲಿ 300 ಗ್ರಾಂ ತುತ್ತು ಆರಾಮವಾಗಿ ಹಿಡಿಸುತ್ತದೆ. ಹಾಗಾಗಿ 50 ಲೀಟರಿನಲ್ಲಿ 1 ಕಿಲೋ ಕರಗುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ, ಎಷ್ಟು ಹೊತ್ತಿಗೆ ಎಂಬುದು ಮಾತ್ರ ಪ್ರಶ್ನೆ. ಹರಳನ್ನು ಡ್ರಮ್ಮಿನ ತಳಕ್ಕೆ ಹಾಕಿ ಬಿಟ್ಟರೆ ಸಂಜೆಯಾದರೂ ತಳದಲ್ಲೇ ಕೂತಿರುತ್ತದೆ. ಕರಗಿದ ನೀರು ಭಾರ. ಅದು ಮೇಲೆ ಬರದೆ ಹರಳಿನ ಸುತ್ತಲೇ ಕಡುನೀಲಿಯಾಗಿ ನಿಲ್ಲುತ್ತದೆ. ಆ ಪದರದಲ್ಲಿ ಇನ್ನು ಕರಗಲು ಜಾಗವಿಲ್ಲ, ಮೇಲಿನ 49 ಲೀಟರ್ ಸಪ್ಪೆ ನೀರು ಇದ್ದೂ ಇಲ್ಲದ ಹಾಗೆ.

ಇದಕ್ಕೆ ಹಳಬರ ಉಪಾಯವನ್ನು ಮೀರಿಸುವಂಥದ್ದು ಇನ್ನೂ ಬಂದಿಲ್ಲ. ತುತ್ತನ್ನು ಗೋಣಿಯ ತುಂಡಿನಲ್ಲೋ ತೆಳು ಬಟ್ಟೆಯಲ್ಲೋ ಕಟ್ಟಿ, ಡ್ರಮ್ಮಿನ ಬಾಯಿಗೆ ಅಡ್ಡ ಇಟ್ಟ ಕೋಲಿಗೆ ತೂಗಿಸಿ, ಗಂಟು ನೀರಿನ ಮೇಲ್ಮಟ್ಟದಲ್ಲಿ ಅರ್ಧ ಮುಳುಗುವಂತೆ ಬಿಡಬೇಕು. ಬಿಳಿ ಬಕೆಟ್ಟಿನಲ್ಲಿ ಮಾಡಿ ನೋಡಿ: ಗಂಟಿನ ಅಡಿಯಿಂದ ನೀಲಿ ಎಳೆಗಳು ನೇರ ಕೆಳಗಿಳಿಯುತ್ತವೆ, ತಳ ಮುಟ್ಟಿ ಹರಡುತ್ತವೆ. ಅವು ಇಳಿದಷ್ಟೂ ಹೊಸ ನೀರು ಹರಳಿಗೆ ತಾಗುತ್ತದೆ. ಕಲಕುವ ಕೆಲಸವನ್ನು ಭಾರವೇ ಮಾಡಿಕೊಡುತ್ತದೆ. ರಾತ್ರಿ ಕಟ್ಟಿಟ್ಟರೆ ಬೆಳಗ್ಗೆ ಗೋಣಿ ಖಾಲಿ.

ಬೆಳಗ್ಗೆಯೇ ಮಾಡಬೇಕಾಗಿ ಬಂದರೆ ಜಜ್ಜುವುದು ದಾರಿ. ಲೆಕ್ಕ ಹಾಕಿ: 4 ಸೆಂಟಿಮೀಟರಿನ ಚೌಕ ಗಟ್ಟಿಗೆ ಹೊರಮೈ 96 ಚದರ ಸೆಂಟಿಮೀಟರ್. ಅದನ್ನೇ 2 ಮಿಲಿಮೀಟರಿನ ಕಾಳು ಮಾಡಿದರೆ 8000 ಕಾಳು, ಒಟ್ಟು ಹೊರಮೈ 1920. ಇಪ್ಪತ್ತು ಪಟ್ಟು. ಬಿಸಿಯಿಂದ ಇಷ್ಟು ಲಾಭ ಸಿಗುವುದಿಲ್ಲ. ‘10 ಡಿಗ್ರಿ ಬಿಸಿಯೇರಿದರೆ ವೇಗ ಇಮ್ಮಡಿ’ ಎಂಬ ಮಾತು ಮೋಲಿಗೆ ಸುಮಾರು 50 ಕಿಲೋಜೂಲ್ ಶಕ್ತಿಯ ತಡೆ ದಾಟಬೇಕಾದ ಕ್ರಿಯೆಗಳಿಗೆ ಹೊಂದುತ್ತದೆ, ಅದೂ ಮಾಮೂಲಿ ಉಷ್ಣತೆಯ ಆಸುಪಾಸಿನಲ್ಲಿ. ಹರಳು ಕರಗುವಾಗ ತಡೆಯುವುದು ನೀರಿನಲ್ಲಿ ಕಣ ಹರಡುವ ನಿಧಾನ. ಅದು 10 ಡಿಗ್ರಿಗೆ ಕಾಲು ಭಾಗದಷ್ಟು ಹೆಚ್ಚಿದರೆ ಹೆಚ್ಚು. ಹಾಗಾಗಿ ಜಜ್ಜುವುದು ಮೊದಲು, ಕಲಕುವುದು ಆಮೇಲೆ, ಬಿಸಿ ಕೊನೆಗೆ. ಮೂರೂ ಸೇರಿದರೆ, ಅಂದರೆ ಜಜ್ಜಿದ 1 ಕಿಲೋವನ್ನು 5 ಲೀಟರ್ ಕುದಿನೀರಿಗೆ ಹಾಕಿ ಮರದ ಕೋಲಿನಲ್ಲಿ ಕಲಕಿದರೆ, ಹೆಚ್ಚು ಹೊತ್ತು ಬೇಡ. ಇದಕ್ಕೆ 45 ಲೀಟರ್ ತಣ್ಣೀರು ಸೇರಿಸಿ. ನೀರು 27 ಡಿಗ್ರಿಯದ್ದಾದರೆ ಒಟ್ಟು 34ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ತಣ್ಣನೆಯ ನೀರಾದರೆ ಇನ್ನೂ ಕಡಿಮೆ. ಅಷ್ಟು ಬಿಸಿಯಿಂದ ಮದ್ದಿಗೆ ಏನೂ ಆಗದು. ಜಜ್ಜುವಾಗ ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಇರಲಿ.

ಪಾತ್ರೆ ಪ್ಲಾಸ್ಟಿಕ್ಕಿನದ್ದಾಗಲಿ, ಮಣ್ಣಿನದ್ದಾಗಲಿ. ಕಬ್ಬಿಣ ಬೇಡ: ತಾಮ್ರ ಪಾತ್ರೆಯ ಗೋಡೆಗೆ ಅಂಟುತ್ತದೆ, ಕಬ್ಬಿಣ ನೀರಿಗಿಳಿಯುತ್ತದೆ. ಅಲ್ಯುಮಿನಿಯಂ ಬಗ್ಗೆ ಒಂದು ಮೋಸವಿದೆ. ತುತ್ತಿನ ನೀರು ಹಾಕಿದರೆ ಸ್ವಲ್ಪ ಹೊತ್ತು ಏನೂ ಆಗದಂತೆ ಕಾಣುತ್ತದೆ, ಯಾಕೆಂದರೆ ಅದರ ಮೈಮೇಲೆ ತೆಳ್ಳಗಿನ ಆಕ್ಸೈಡ್ ಪದರವಿದೆ. ಅದೇ ನೀರಿಗೆ ಒಂದು ಚಿಟಿಕೆ ಉಪ್ಪು ಬಿದ್ದರೆ ಪದರ ತೂತಾಗಿ, ಬಿಸಿಯೆದ್ದು, ಗುಳ್ಳೆ ಬಂದು, ಕೆಂಪು ಗಸಿ ಕೂರುತ್ತದೆ. ಕಡಲ ಬದಿಯ ಉಪ್ಪು ಬಾವಿಯ ನೀರು ಬಳಸುವವರಿಗೆ ಇದು ಬರೀ ಶಾಲೆಯ ಪ್ರಯೋಗವಲ್ಲ. ಸುಣ್ಣವಂತೂ ಅಲ್ಯುಮಿನಿಯಮ್ಮನ್ನು ನೇರವಾಗಿಯೇ ತಿನ್ನುತ್ತದೆ.

ಇನ್ನು ಸುಣ್ಣ. ಇದು ನಿಜವಾದ ಕ್ರಿಯೆ, ಅದೂ ತನಗೆ ತಾನೇ ಬೆಂಕಿಯಿಡುವ ಜಾತಿಯದು. ಸುಟ್ಟ ಸುಣ್ಣ ನೀರು ಕುಡಿದು ಅರಳುವಾಗ ಬಿಸಿ ಹೊರಬರುತ್ತದೆ. ಆ ಬಿಸಿಯಿಂದ ಮುಂದಿನ ಅರಳುವಿಕೆ ಇನ್ನೂ ಬೇಗ ಆಗುತ್ತದೆ. ಒಂದು ಕಿಲೋ ಶುದ್ಧ ಸುಣ್ಣ ಅರಳಲು ಲೆಕ್ಕದ ಪ್ರಕಾರ 320 ಮಿಲಿಲೀಟರ್ ನೀರು ಸಾಕು, ಹೊರಬರುವ ಬಿಸಿ ಸುಮಾರು ಮೂರೂವರೆ ಲೀಟರ್ ನೀರನ್ನು ಕುದಿಸುವಷ್ಟು. ಈ ಎರಡು ಅಂಕಿ ನೆನಪಿದ್ದರೆ ನೀರು ಹೇಗೆ ಹಾಕಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮೊದಲೇ 10 ಲೀಟರ್ ತಣ್ಣೀರಿಗೆ ಹಾಕಿದರೆ ಇಡೀ ಬಿಸಿ ಆ ನೀರನ್ನು 28 ಡಿಗ್ರಿಯಷ್ಟು ಏರಿಸುವುದರಲ್ಲೇ ಮುಗಿಯುತ್ತದೆ. ಕ್ರಿಯೆಗೆ ಕಾವು ಏರುವುದಿಲ್ಲ, ಸುಣ್ಣ ಮುಳುಗಿ ಸೋಮಾರಿಯಾಗುತ್ತದೆ, ಅರಳಿದ್ದು ಕೂಡ ತರಿತರಿ. ತೀರ ಕಡಿಮೆ ನೀರು ಹಾಕಿ ಬಿಟ್ಟರೆ ಇನ್ನೊಂದು ತೊಂದರೆ: ಒಂದು ಕಡೆ ಅತಿಯಾಗಿ ಕಾದು ನೀರೆಲ್ಲ ಆವಿಯಾಗುತ್ತದೆ, ಅರಳಿದ ಪುಡಿ ಗಂಟುಕಟ್ಟಿ ಒಳಗಿನದಕ್ಕೆ ನೀರು ಸೇರದಂತೆ ಮಾಡುತ್ತದೆ.

ಆದ್ದರಿಂದ ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲೋ ಹಳೆಯ ಕಬ್ಬಿಣದ ಬಾಣಲೆಯಲ್ಲೋ (ಸುಣ್ಣಕ್ಕೆ ಕಬ್ಬಿಣ ಅಡ್ಡಿಯಿಲ್ಲ, ತೆಳು ಪ್ಲಾಸ್ಟಿಕ್ ಬಕೆಟ್ ಮೆತ್ತಗಾಗುತ್ತದೆ) ಸುಣ್ಣ ಹರಡಿ, ಅರ್ಧ ಲೀಟರಿನಷ್ಟು ನೀರು ಚಿಮುಕಿಸಿ ದೂರ ನಿಲ್ಲಿ. ಒಳ್ಳೆಯ ಸುಣ್ಣ ಕೆಲವೇ ನಿಮಿಷದಲ್ಲಿ ಬಿರಿದು, ಚಟಪಟ ಎಂದು ಆವಿ ಬಿಡುತ್ತದೆ. ಆವಿ ಎದ್ದ ಮೇಲೆ ಸ್ವಲ್ಪ ಸ್ವಲ್ಪವೇ ನೀರು ಹಾಕುತ್ತ, ಕಲಕುತ್ತ, ಒಟ್ಟು ಮೂರ್ನಾಲ್ಕು ಲೀಟರಿಗೆ ತಂದು ನುಣ್ಣನೆಯ ಕೆನೆ ಮಾಡಿ. ಅರ್ಧ ಗಂಟೆಯಾದರೂ ಬೆಚ್ಚಗೂ ಆಗದ ಸುಣ್ಣವನ್ನು ಕಾಯುತ್ತ ಕೂರಬೇಡಿ, ಅದು ಗಾಳಿ ಕುಡಿದದ್ದು. ಸುಟ್ಟ ಸುಣ್ಣ ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಮೊದಲು ತಾನೇ ಅರಳಿ, ಆಮೇಲೆ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಡುವ ಮೊದಲಿನ ಚಿಪ್ಪಿನ ಪುಡಿಯೇ ಆಗುತ್ತದೆ. ಒಂದು ಚಮಚಕ್ಕೆ ವಿನೆಗರ್ ಹನಿಸಿ ನೋಡಿ: ಭರಭರ ನೊರೆ ಬಂದರೆ ಸತ್ತ ಸುಣ್ಣ. ಕಲಕುವಾಗ ಕೈಗೆ ಸಿಗುವ ಗಟ್ಟಿ ಕಲ್ಲುಗಳು ಗೂಡಿನಲ್ಲಿ ಬೇಯದೆ ಉಳಿದ ತಿರುಳು. ಅವು ಎಷ್ಟು ಹೊತ್ತು ಇಟ್ಟರೂ ಅರಳುವುದಿಲ್ಲ, ತೂಕದಿಂದ ಕಳೆದು ಬೇರೆ ಸುಣ್ಣ ಸೇರಿಸಿ. ಅಂಗಡಿಯಲ್ಲಿ ಸಿಗುವ ಅರಳಿಸಿದ ಪುಡಿ ಸುಣ್ಣವಾದರೆ ಅದರಲ್ಲಿ ನೀರಿನ ತೂಕವೂ ಇದೆ. 1 ಕಿಲೋ ಬದಲು 1.3 ಕಿಲೋ ಲೆಕ್ಕ ಹಾಕಬೇಕು.

ಮೊದಲ ದಿನ ಸಂಜೆಯೇ ಸುಣ್ಣ ಅರಳಿಸಿಡಿ ಎನ್ನುವುದಕ್ಕೆ ಕಾರಣ ಬಿಸಿ ಎಂದೇ ಹಲವರು ತಿಳಿದಿದ್ದಾರೆ. ಅಷ್ಟೇ ಆಗಿದ್ದರೆ ತಣ್ಣೀರು ಸೇರಿಸಿ 50 ಲೀಟರ್ ಮಾಡಿದ ಕೂಡಲೇ ಸಮಸ್ಯೆ ಮುಗಿಯುತ್ತಿತ್ತು, ಯಾಕೆಂದರೆ ಒಂದು ಕಿಲೋ ಸುಣ್ಣದ ಇಡೀ ಬಿಸಿ 50 ಲೀಟರನ್ನು ಏರಿಸುವುದು ಐದಾರು ಡಿಗ್ರಿ ಮಾತ್ರ. ನಿಜವಾದ ಕಾರಣ ತಡವಾಗಿ ಅರಳುವ ಕಾಳುಗಳು. ಗೂಡಿನಲ್ಲಿ ಅತಿಯಾಗಿ ಬೆಂದ ಸುಣ್ಣ ಗಟ್ಟಿಯಾಗಿ, ಒಳಗೆ ನೀರು ಇಳಿಯಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ರಾತ್ರಿ ಇಟ್ಟರೆ ಅವೂ ಅರಳಿ ಹಾಲು ನುಣ್ಣಗಾಗುತ್ತದೆ. ಮೇಲೆ ಎರಡು ಬೆರಳು ನೀರು ನಿಂತು ಮುಚ್ಚಳ ಹಾಕಿದ್ದರೆ ಗಾಳಿಯೂ ಕೆಡಿಸದು. ಬೆಳಗ್ಗೆ ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿ.

ಈಗ ಎರಡನ್ನೂ ಕೂಡಿಸುವುದು. ಇಲ್ಲಿ ವೇಗ ನಮ್ಮ ಕೈಯಲ್ಲಿಲ್ಲ. ಕರಗಿದ ತಾಮ್ರ ಕರಗಿದ ಸುಣ್ಣಕ್ಕೆ ತಾಗಿದ ಕ್ಷಣದಲ್ಲೇ ನೀಲಿ ಗಸಿಯಾಗುತ್ತದೆ. ನಮ್ಮ ಕೈಯಲ್ಲಿರುವುದು ಎಲ್ಲಿ, ಎಷ್ಟು ತೆಳ್ಳಗೆ, ಯಾವ ಬಿಸಿಯಲ್ಲಿ ತಾಗಿಸುತ್ತೇವೆ ಎಂಬುದು. ತೆಳು ನೀರಿಗೆ ತೆಳು ನೀರು ಬೆರೆಸಿದರೆ ಲೆಕ್ಕವಿಲ್ಲದಷ್ಟು ಸಣ್ಣ ಕಣಗಳು ಒಮ್ಮೆಗೇ ಹುಟ್ಟುತ್ತವೆ. ದಪ್ಪದ್ದಕ್ಕೆ ದಪ್ಪ ಬೆರೆಸಿದರೆ ಒಡೆದ ಹಾಲಿನಂತೆ ಗಡ್ಡೆಗಡ್ಡೆ, ಆಮೇಲೆ 80 ಲೀಟರ್ ನೀರು ಹೊಯ್ದರೂ ಆ ಗಡ್ಡೆ ಬಿಡುವುದಿಲ್ಲ. ಸುಣ್ಣದ ಹಾಲನ್ನು ಕಲಕುತ್ತಿರುವಾಗ ತುತ್ತಿನ ನೀರನ್ನು ಅದಕ್ಕೆ ನಿಧಾನ ಹೊಯ್ಯಬೇಕು, ಇಲ್ಲವೇ ಎರಡನ್ನೂ ಮೂರನೆಯ ಡ್ರಮ್ಮಿಗೆ ಒಟ್ಟಿಗೆ ಸುರಿಯಬೇಕು. ತುತ್ತಿಗೆ ಸುಣ್ಣ ಹೊಯ್ಯುವ ಕ್ರಮ ಬೇಡ. ಆಗ ಬಹಳ ಹೊತ್ತು ತಾಮ್ರ ಹೆಚ್ಚು, ಸುಣ್ಣ ಕಡಿಮೆ ಇದ್ದು ಗಸಿ ದಪ್ಪ ಕಣವಾಗಿ ಕೂರುತ್ತದೆ.

ಹೊಗೆಯಾಡುವ ಸುಣ್ಣಕ್ಕೆ ತುತ್ತು ಸುರಿದರೆ ಇನ್ನೊಂದು ಕ್ರಿಯೆ ಎದ್ದು ಕೂರುತ್ತದೆ. ತಾಮ್ರದ ಹೈಡ್ರಾಕ್ಸೈಡ್ ಬಿಸಿಯಲ್ಲಿ ನೀರು ಕಳೆದುಕೊಂಡು ಕಪ್ಪು ಆಕ್ಸೈಡ್ ಆಗುತ್ತದೆ. ಮಾಮೂಲಿ ಉಷ್ಣತೆಯಲ್ಲಿ ಇದು ನಿಧಾನ, ಬಿಸಿ ಕ್ಷಾರದಲ್ಲಿ ಬೇಗ. ದ್ರಾವಣ ಆಕಾಶನೀಲಿ ಬಿಟ್ಟು ಕೊಳಕು ಹಸಿರಿಗೋ ಬೂದಿಗೋ ತಿರುಗಿದ್ದರೆ ಇದೇ ಆಗಿದೆ ಎಂದು ತಿಳಿಯಿರಿ. ಅದನ್ನು ಸರಿ ಮಾಡುವ ದಾರಿಯಿಲ್ಲ.

ಅಳತೆಯ ಬಗ್ಗೆ ಕೂಡ ಒಂದು ಮಾತು. ಒಂದು ಕಿಲೋ ತುತ್ತಿನ ತಾಮ್ರವನ್ನೆಲ್ಲ ಗಸಿ ಮಾಡಲು ಶುದ್ಧ ಸುಟ್ಟ ಸುಣ್ಣ 225 ಗ್ರಾಂ ಧಾರಾಳ ಸಾಕು. ನಾವು ಹಾಕುವುದು ನಾಲ್ಕು ಪಟ್ಟಿಗಿಂತ ಹೆಚ್ಚು. ಮಿಕ್ಕದ್ದು ದಂಡವಲ್ಲ, ಅದರ ಕೆಲಸ ಕಾಯಿಯ ಮೇಲೆ. ಆದರೆ ಕಬ್ಬಿಣದ ಚೂರಿಯನ್ನು ಮದ್ದಿಗೆ ಅದ್ದಿ, ತಾಮ್ರ ಕೂತು ಕೆಂಪಾಗುತ್ತದೋ ಎಂದು ನೋಡುವ ಚೂರಿ ಪರೀಕ್ಷೆಯ ಅರ್ಥ ಈ ಲೆಕ್ಕದಿಂದ ಬದಲಾಗುತ್ತದೆ. ಚೂರಿ ಕೆಂಪಾದರೆ ಸುಣ್ಣ ಸ್ವಲ್ಪ ಕಡಿಮೆಯಾಯಿತು ಎಂದು ಹೇಳಿ ಮುಗಿಸುತ್ತಾರೆ. ಸಮ ತೂಕ ಹಾಕಿದ ಮೇಲೂ ಕೆಂಪಾದರೆ ಸುಣ್ಣದ ಮುಕ್ಕಾಲು ಪಾಲು ಕೆಲಸಕ್ಕೆ ಬಾರದ್ದು, ಅಥವಾ ಅದು ಎಷ್ಟು ತರಿಯಾಗಿದೆಯೆಂದರೆ ಕಾಳಿನ ಮೈಮೇಲೆ ನೀಲಿ ಗಸಿ ಕವಚ ಕಟ್ಟಿ ಒಳಗಿನ ಸುಣ್ಣ ಹೊರಬರುತ್ತಿಲ್ಲ. ಸುಣ್ಣ ನೀರಿನಲ್ಲಿ ಕರಗುವುದೇ ಲೀಟರಿಗೆ ಎರಡು ಗ್ರಾಂ ಒಳಗೆ, ಉಳಿದದ್ದು ತೇಲುವ ಪುಡಿ. ಖರ್ಚಾದಷ್ಟು ಆ ಪುಡಿಯಿಂದ ಕರಗಿ ಬರಬೇಕು. ಆದ್ದರಿಂದ ಬೆರೆಸಿದ ಕೂಡಲೇ ಚೂರಿ ಅದ್ದಬೇಡಿ. ಐದು ನಿಮಿಷ ಚೆನ್ನಾಗಿ ಕಲಕಿ ಅದ್ದಿ.

ಚೂರಿ ಅದ್ದುವುದಕ್ಕೂ ಕ್ರಮವಿದೆ. ತುಕ್ಕು, ಎಣ್ಣೆ ಇರುವ ಅಲಗಿನಲ್ಲಿ ತಾಮ್ರ ಕೂರುವುದು ತಡ, ಮದ್ದು ಸರಿ ಇದೆ ಎಂಬ ಸುಳ್ಳು ಸಾಕ್ಷಿ ಸಿಗುತ್ತದೆ. ಅಲಗನ್ನು ಮರಳು ಕಾಗದದಿಂದ ಉಜ್ಜಿ ಬೆಳ್ಳಗೆ ಮಾಡಿ. ಸ್ಟೀಲ್ ಚಾಕು ನಡೆಯುವುದಿಲ್ಲ, ಕಬ್ಬಿಣದ್ದೇ ಬೇಕು. ಮೊದಲು ತುದಿಯನ್ನು ಬರೀ ತುತ್ತಿನ ನೀರಿಗೆ ಅದ್ದಿ: ಕೆಲವೇ ಸೆಕೆಂಡಿನಲ್ಲಿ ಕೆಂಪು ಹಿಡಿದರೆ ಅಲಗು ಪರೀಕ್ಷೆಗೆ ಯೋಗ್ಯ. ಅದನ್ನು ಉಜ್ಜಿ ತೆಗೆದು, ಮದ್ದಿನಲ್ಲಿ ಒಂದು ನಿಮಿಷ ಪೂರ್ತಿ ಹಿಡಿಯಿರಿ. ಉಳಿದ ತಾಮ್ರ ತೆಳುವಾಗಿದ್ದಷ್ಟೂ ಕೆಂಪು ಬರುವುದು ನಿಧಾನ. ಐದು ಸೆಕೆಂಡಿಗೆ ಎತ್ತಿ ನೋಡಿದವರಿಗೆ ಏನೂ ಕಾಣದು. ಕೆಂಪು ಕಂಡರೆ ಸೋಸಿದ ಸುಣ್ಣದ ಹಾಲು ಇನ್ನಷ್ಟು ಸೇರಿಸಿ, ಕಲಕಿ, ಮತ್ತೆ ನೋಡಿ. ಬಿಡುಗಡೆಯಾಗಿ ಉಳಿದ ತಾಮ್ರ ಎಳೆ ಕಾಯಿಯನ್ನೂ ಸಿಂಗಾರವನ್ನೂ (ಅಡಿಕೆಯ ಹೂಗೊಂಚಲು) ಸುಡುತ್ತದೆ.

ಇನ್ನೊಂದು ಪರೀಕ್ಷೆಗೆ ಗಾಜಿನ ಲೋಟ ಸಾಕು. ತುಂಬಿಸಿ ಕಟ್ಟೆಯ ಮೇಲಿಡಿ. ಒಳ್ಳೆಯ ಮದ್ದು ಅರ್ಧ ಗಂಟೆಗೆ ಮೇಲೆ ಸ್ವಲ್ಪವೇ ತಿಳಿಯಾಗುತ್ತದೆ. ಕೆಟ್ಟದ್ದು ಐದು ನಿಮಿಷದಲ್ಲಿ ಅರ್ಧಕ್ಕಿಳಿಯುತ್ತದೆ. ಕಣದ ಅಡ್ಡಳತೆ ಎರಡು ಪಟ್ಟಾದರೆ ಅದು ಇಳಿಯುವ ವೇಗ ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ಕಣ್ಣಿಗೆ ಕಾಣದ ದಪ್ಪವನ್ನೂ ಈ ಲೋಟ ತೋರಿಸಿಕೊಡುತ್ತದೆ.

ಈ ಕಣಗಳು ಹುಟ್ಟಿದ ಗಾತ್ರದಲ್ಲೇ ನಿಲ್ಲುವುದಿಲ್ಲ ಎಂಬುದೇ ಮುಂದಿನ ತಲೆನೋವು. ಗಂಟೆಗಳು ಕಳೆದಂತೆ ಸಣ್ಣವು ಕರಗಿ ದೊಡ್ಡವಕ್ಕೆ ಸೇರಿಕೊಂಡು ಹರಳುಕಟ್ಟುತ್ತವೆ, ಅಂಟುವ ಗುಣ ಹೋಗುತ್ತದೆ. ಆ ದಿನದ ಮದ್ದು ಆ ದಿನವೇ ಮುಗಿಯಬೇಕು ಎನ್ನುವುದು ಇದಕ್ಕೆ. ನಡುವೆ ಮಳೆ ಬಂದು ಕೆಲಸ ನಿಂತಿತೆಂದರೆ, 100 ಲೀಟರಿಗೆ 100 ಗ್ರಾಂ ಬೆಲ್ಲ ನೀರಿನಲ್ಲಿ ಕರಗಿಸಿ ಸೇರಿಸಿ ಕಲಕಿ. ಸಕ್ಕರೆಯ ಅಣು ತಾಮ್ರಕ್ಕೆ ಅಂಟಿಕೊಂಡು ಹರಳು ಬೆಳೆಯುವುದನ್ನು ನಿಧಾನಿಸುತ್ತದೆ. ಒಂದು ರಾತ್ರಿಯ ಮಟ್ಟಿಗೆ ಇದು ನಡೆಯುತ್ತದೆ, ವಾರಕ್ಕಲ್ಲ. ಡ್ರಮ್ಮನ್ನು ಬಿಸಿಲಿಗೆ ಬಿಡದೆ ನೆರಳಿನಲ್ಲಿಡುವುದೂ ಇದೇ ಲೆಕ್ಕಕ್ಕೆ ಸೇರಿದ್ದು.

ಗೊನೆಯ ಮೇಲೆ ಬಿದ್ದ ಮೇಲೆ ನಿಧಾನವೇ ಗುಣ. ಒಣಗಿದ ಪದರದಲ್ಲಿ ಮಿಕ್ಕಿದ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಕ್ಷಾರ ಕಳೆದುಕೊಳ್ಳುತ್ತ ಹೋಗುತ್ತದೆ, ಮಳೆನೀರಿನ ಸಣ್ಣ ಹುಳಿಗೆ ತಾಮ್ರ ಒಂದಿಷ್ಟೊಂದಿಷ್ಟೇ ಬಿಡುಗಡೆಯಾಗುತ್ತದೆ. ಮಹಾಳಿ ತರುವ, ಶಿಲೀಂಧ್ರದಂಥ ಫೈಟಾಫ್ತೊರಾ ಎಂಬ ಜೀವಿಯ ಬೀಜಕಣಗಳು ನೀರಿನ ತೆಳು ಪದರದಲ್ಲಿ ಈಜಿ ಕಾಯಿಗೆ ತಲುಪುವಂಥವು. ಅಲ್ಲಿ ಬೇಕಾದ ತಾಮ್ರ ಬಹಳ ಕಡಿಮೆ, ಆದರೆ ವಾರಗಟ್ಟಲೆ ಬೇಕು. ಬರೀ ತುತ್ತಿನ ನೀರು ಬಿಟ್ಟರೆ ಮೊದಲ ದಿನ ಕಾಯಿ ಸುಟ್ಟು, ಮೊದಲ ಮಳೆಗೆ ಎಲ್ಲ ತೊಳೆದು ಹೋಗುತ್ತದೆ. ಪದರ ಒಣಗಿ ಹಿಡಿಯುವ ಮೊದಲೇ ಜಡಿಮಳೆ ಬಂದರೆ ಬೋರ್ಡೋದ ಗತಿಯೂ ಅದೇ. ಕಾಯಿಯೊಳಗೆ ರೋಗ ಹೊಕ್ಕ ಮೇಲೆ ಬಿಟ್ಟರೆ ಆ ಕಾಯಿ ಉಳಿಯದು.

ವೇಗವರ್ಧಕದ ಮಾತು ಬರಲೇ ಇಲ್ಲ, ಯಾಕೆಂದರೆ ಬೋರ್ಡೋ ಮಾಡುವುದರಲ್ಲಿ ಅದಕ್ಕೆ ಕೆಲಸವಿಲ್ಲ. ಆದರೆ ಅಡಿಕೆಯ ಜತೆ ರಬ್ಬರೂ ಇರುವ ಮನೆಗಳಲ್ಲಿ ಅದು ಬೇಡದ ಕಡೆ ಬಂದು ಸೇರುತ್ತದೆ. ರಬ್ಬರಿಗೆ ಗಾಳಿಯ ಆಮ್ಲಜನಕ ತಾಗಿ ಅದರ ಉದ್ದದ ಸರಪಳಿ ತುಂಡಾಗುವುದು ತಾನಾಗಿ ನಿಧಾನ. ತಾಮ್ರ ಸೇರಿದರೆ ಬೇಗ. ತಾಮ್ರ ಇದರಲ್ಲಿ ಖರ್ಚಾಗುವುದಿಲ್ಲ, ಒಂದು ತುಂಡು ಮಾಡಿ ಇನ್ನೊಂದಕ್ಕೆ ಹೋಗುತ್ತದೆ, ಹಾಗಾಗಿ ಕಣ್ಣಿಗೆ ಕಾಣದಷ್ಟು ಇದ್ದರೂ ಸಾಕು. ಮದ್ದಿನ ಬಕೆಟ್ಟನ್ನು ತೊಳೆದು ರಬ್ಬರ್ ಹಾಲಿಗೆ ಬಳಸಿದರೆ ಶೀಟು ಇಟ್ಟಲ್ಲೇ ಅಂಟಂಟಾಗುವುದು ಇದರಿಂದ. ಎಷ್ಟು ತೊಳೆದರೂ ನಂಬಬೇಡಿ, ಬಕೆಟ್ ಬೇರೆಯೇ ಇರಲಿ. ಮದ್ದು ಬಿಡುವ ದಿನ ಪಕ್ಕದ ರಬ್ಬರ್ ಮರದಲ್ಲಿ ಹಾಲು ಹಿಡಿಯುವ ಚಿಪ್ಪುಗಳನ್ನು ಬೋರಲು ಹಾಕಿ.

ಕೆಲಸ ಮುಗಿದ ಮೇಲೆ ಪಂಪು, ಪೈಪು, ನಾಜಲ್ ಎಲ್ಲದರಲ್ಲೂ ಒಳ್ಳೆಯ ನೀರು ಹಾಯಿಸಿ. ಒಂದು ರಾತ್ರಿ ಒಣಗಲು ಬಿಟ್ಟರೆ ಸುಣ್ಣ ಕಲ್ಲಾಗಿ ನಾಜಲಿನ ತೂತು ಮುಚ್ಚುತ್ತದೆ. ಆಗ ಅದನ್ನು ಕಳಚಿ, ಉಗುರು ಬೆಚ್ಚಗಿನ ವಿನೆಗರಿನಲ್ಲಿ ಮುಳುಗಿಸಿಡಿ. ನೊರೆ ನಿಂತರೆ ಆ ವಿನೆಗರ್ ಚೆಲ್ಲಿ ಹೊಸದು ಹಾಕಿ, ಹುಳಿ ಮುಗಿದ ಮೇಲೆ ಎಷ್ಟು ಹೊತ್ತು ಇಟ್ಟರೂ ಪ್ರಯೋಜನವಿಲ್ಲ. ಕಕ್ಕಸು ತೊಳೆಯುವ ಆ್ಯಸಿಡ್ ಬೇಗ ಕರಗಿಸುತ್ತದೆ ನಿಜ, ಜತೆಗೆ ಪಂಪಿನ ಕಬ್ಬಿಣದ ಭಾಗಗಳನ್ನೂ ತಿನ್ನುತ್ತದೆ. ಸೂಜಿ ಹಾಕಿ ಚುಚ್ಚುವವರೂ ಇದ್ದಾರೆ. ತೂತು ಅಗಲವಾದರೆ ಹನಿ ದಪ್ಪವಾಗಿ ಗೊನೆಯಿಂದ ಜಾರಿ ಬುಡಕ್ಕೆ ಬೀಳುತ್ತದೆ, ಎರಡನೆಯ ಸುತ್ತಿಗೆ ಹೊಸ ನಾಜಲೇ ತರಬೇಕಾಗುತ್ತದೆ.